ಹೊಸ್ತಿಲ ಮೃಗಗಳು: ನಮ್ಮ ದೇವಾಲಯ ಶಿಲ್ಪದ ಮಕರ, ವ್ಯಾಳ, ಸಿಂಹಲಲಾಟ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ದೇವಾಲಯ ಶಿಲ್ಪದ ಮಾತು ಬಂದಾಗ ನಾವು ಮೊದಲು ಮೂರ್ತಿಗಳ ಸೌಂದರ್ಯವನ್ನು ನೆನೆಯುತ್ತೇವೆ. ಆಮೇಲೆ ಬೇಲೂರಿನ ಮದನಿಕೆಯರು, ಆಮೇಲೆ ಕಟ್ಟಿಸಿದ ಅರಸರು. ಇವರೆಲ್ಲರ ನಡುವೆ ಇನ್ನೊಂದು ದೊಡ್ಡ ಸಂಕುಲ ಶತಮಾನಗಳಿಂದ ನಿಂತಿದೆ. ಬಾಗಿಲ ನೆತ್ತಿಯ ಮೇಲೆ ಕಣ್ಣು ಕಿಸಿದ ಮುಖ, ಕಂಬಕ್ಕೆ ಒರಗಿ ಮುಂಗಾಲೆತ್ತಿದ ಸಿಂಹದಂಥ ಮೃಗ, ನೀರು ಹೊರಬೀಳುವ ಕಡೆ ಸೊಂಡಿಲು ಸುರುಳಿಸಿದ ಜಲಚರ, ಎರಡು ತಲೆಯ ಹಕ್ಕಿ. ನೋಡುಗರು ಇವುಗಳ ಮುಂದೆ ಒಂದು ಕ್ಷಣ ನಿಂತು, 'ಚೆನ್ನಾಗಿದೆ' ಎಂದು ಮುಂದೆ ಹೋಗುತ್ತಾರೆ. ಪುಸ್ತಕಗಳು ಇವುಗಳನ್ನು 'ಅಲಂಕಾರ' ಎಂಬ ಅಧ್ಯಾಯಕ್ಕೆ ಸೇರಿಸಿ ಮುಗಿಸುತ್ತವೆ. ಈ ಮೃಗಗಳಿಗೆ ಸಲ್ಲಬೇಕಾದ ಗಮನ ಸಂದಿಲ್ಲ ಎಂಬ ಕೊರಗು ನನ್ನಲ್ಲಿ ಬಹಳ ಕಾಲದಿಂದ ಇದೆ. ಹಾಗಾಗಿ ಇವತ್ತಿನ ಉಪನ್ಯಾಸವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಮೃಗಗಳು ದೇವಾಲಯದಲ್ಲಿ ಎಲ್ಲೆಂದರಲ್ಲಿ ಇಲ್ಲ. ಕಟ್ಟಡದಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗಗಳಲ್ಲಿಯೇ ಇವೆ. ಹೊರಗು ಒಳಗಾಗುವ ಹೊಸ್ತಿಲು, ಕಂಬದ ಭಾರ ತೊಲೆಗೆ ಸೇರುವ ಬೋದಿಗೆ, ನೆಲದಿಂದ ಜಗತಿಗೆ ಏರುವ ಮೆಟ್ಟಿಲು, ಅಭಿಷೇಕದ ನೀರು ತೀರ್ಥವಾಗಿ ಹೊರಕ್ಕೆ ಬರುವ ಪ್ರಣಾಳ, ಗೋಡೆ ಮುಗಿದು ದೇವರ ತಲೆಯ ಮೇಲಿನ ಆಕಾಶ ಆರಂಭವಾಗುವ ತೋರಣ. ಇಂಥ ಸಂದುಗಳನ್ನು ಕಾಯುವುದಕ್ಕೆ ಒಂದೇ ಜಾತಿಯ ಪ್ರಾಣಿ ಸಾಲದು. ಎರಡು ಲೋಕಕ್ಕೂ ಸೇರಿದ ಮೈ ಬೇಕು. ನಮ್ಮ ರೂವಾರಿಗಳು, ಅಂದರೆ ಶಿಲ್ಪಿಗಳು, ಆ ಮೈಯನ್ನು ಕಲ್ಲಿನಲ್ಲಿ ಕಟ್ಟಿದರು.

ಬೇರೆ ಬೇರೆ ಪ್ರಾಣಿಗಳ ಅಂಗಗಳನ್ನು ಜೋಡಿಸಿ ಒಂದು ಮೃಗ ಮಾಡುವುದು ಈ ನೆಲದಲ್ಲಿ ಬಹಳ ಹಳೆಯ ಅಭ್ಯಾಸ. ಸಿಂಧೂ ಕಣಿವೆಯ ಮುದ್ರೆಗಳಲ್ಲಿ ಮನುಷ್ಯನ ಮುಖ, ಆನೆಯ ಸೊಂಡಿಲು, ಗೂಳಿಯ ಕೊಂಬು, ಹುಲಿಯ ಹಿಂಗಾಲು, ಹಾವಿನ ಬಾಲ ಎಲ್ಲವೂ ಒಂದೇ ಮೈಯಲ್ಲಿ ಸೇರಿದ ಪ್ರಾಣಿ ಇದೆ. ಅದು ಕ್ರಿಸ್ತಪೂರ್ವ 2600ರಿಂದ 1900ರ ನಡುವಣ ಕಾಲದ್ದು. ಬಿಹಾರದ ಬರಾಬರ್ ಗುಡ್ಡದ ಲೋಮಸ ಋಷಿ ಗುಹೆಯ ಬಾಗಿಲ ಕಮಾನಿನಲ್ಲಿ ಆನೆಗಳ ಸಾಲು ಸಾಗಿದೆ; ಕಮಾನಿನ ಎರಡು ತುದಿಗಳಲ್ಲಿ ಮಕರಗಳಿವೆ. ಅದು ಮೌರ್ಯರ ಕಾಲದ ಕೆಲಸ. ಸಾಂಚಿಯ ತೋರಣಗಳ ಮೇಲೆ ರೆಕ್ಕೆಯ ಸಿಂಹಗಳು ಕುಳಿತಿವೆ. ಬೌದ್ಧರು, ಜೈನರು, ಶೈವರು, ವೈಷ್ಣವರು ಎಲ್ಲರೂ ಈ ಮೃಗಗಳನ್ನು ತಮ್ಮವೆಂದೇ ಬಳಸಿದರು. ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಆಚಿಯಕ್ಕ. ಆಕೆ ಜಿನಭಕ್ತೆ, ಆಕೆಯ ಗಂಡ ಚಂದ್ರಮೌಳಿ ಇಮ್ಮಡಿ ಬಲ್ಲಾಳನ ಮಂತ್ರಿ, ಶೈವ. ಒಂದೇ ಮನೆಯಲ್ಲಿ ಎರಡು ಮತ ಇದ್ದಂಥ ಆ ಕಾಲದಲ್ಲಿ ಉಳಿ ಹಿಡಿದವರು ಒಂದೇ ಪರಂಪರೆಯವರು. ಪಾರ್ಶ್ವನಾಥನಿಗೂ ಶಿವನಿಗೂ ಅವರು ಕೆತ್ತಿದ ಮೃಗ ಅದೇ.

ಮೊದಲು ಮಕರವನ್ನು ನೋಡೋಣ. ಏಕೆಂದರೆ ನನಗೆ ಈ ಸಂಕುಲದಲ್ಲೆಲ್ಲ ಅತ್ಯಂತ ಪ್ರಿಯವಾದದ್ದು ಅದೇ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸ ಸುಮಾರು 1121ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ಶುರುವಾಯಿತು. ಅಲ್ಲಿನ ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳಿವೆ. ಕೆಳಗೆ ಆನೆಗಳು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಕಥೆ, ಅದರ ಮೇಲೆ ಮಕರಗಳು, ಎಲ್ಲಕ್ಕಿಂತ ಮೇಲೆ ಹಂಸಗಳು. ಆನೆ ಎಂದರೆ ಬಲ, ಸಿಂಹ ಎಂದರೆ ಧೈರ್ಯ, ಕುದುರೆ ಎಂದರೆ ವೇಗ ಎಂದು ಮಾರ್ಗದರ್ಶಕರು ವಿವರಿಸುತ್ತಾರೆ. ತಪ್ಪೆಂದು ಹೇಳಲಾರೆ. ಆದರೆ ಆ ವಿವರಣೆ ಮಕರದ ಬಳಿ ಬಂದಾಗ ನಿಂತುಹೋಗುತ್ತದೆ. 'ಏಳು ಪ್ರಾಣಿ ಸೇರಿ ಆದ ಒಂದು ಪ್ರಾಣಿ' ಎಂಬ ಲೆಕ್ಕ ಒಪ್ಪಿಸಿ ಮುಂದೆ ಹೋಗುತ್ತದೆ.

ಒಂದು ಮಕರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬಾಯಿ ಮೊಸಳೆಯದು, ಅಗಲವಾಗಿ ತೆರೆದಿದೆ, ಹಲ್ಲುಗಳ ಸಾಲು ಒಂದೊಂದಾಗಿ ಎಣಿಸುವಂತಿದೆ. ಮೇಲ್ದವಡೆ ಮೂಗಿನ ಬಳಿ ಬಂದಂತೆ ಆನೆಯ ಸೊಂಡಿಲಾಗಿ ಮೇಲಕ್ಕೆ ಮಡಿಯುತ್ತದೆ. ಹೊಟ್ಟೆ ಹಂದಿಯದಂತೆ ತುಂಬಿದೆ. ಕಾಲು ಸಿಂಹದ್ದು, ಗಿಡ್ಡ, ನೆಲಕ್ಕೆ ಊರಿದ ಉಗುರು. ಇಷ್ಟರ ತನಕ ಅದು ಪ್ರಾಣಿ. ಬಾಲಕ್ಕೆ ಬಂದಾಗ ಉಳಿಯ ಕೈ ಬದಲಾಗುತ್ತದೆ. ಬಾಲ ನವಿಲಿನ ಗರಿಯಂತೆ ಎದ್ದು, ಸುರುಳಿ ಸುರುಳಿಯಾಗಿ ಬಿಚ್ಚಿ, ಬಳ್ಳಿಯಾಗಿ, ಎಲೆಯಾಗಿ, ಮೊಗ್ಗಾಗಿ ಇಡೀ ಜಾಗವನ್ನು ತುಂಬಿಬಿಡುತ್ತದೆ. ಹಿಂಭಾಗದಲ್ಲಿ ಅದು ಪ್ರಾಣಿಯೂ ಹೌದು, ಗಿಡವೂ ಹೌದು. ಪಕ್ಕದ ಮಕರದ ಬಾಲವನ್ನು ನೋಡಿ: ಅದೇ ಮಕರ, ಆದರೆ ಸುರುಳಿ ಬೇರೆ. ಇಲ್ಲಿ ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಈ ಬಿಡುವು ಸಿಕ್ಕಿದ್ದರಿಂದಲೇ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಆಳದ ಕೆತ್ತನೆ ಸಾಧ್ಯವಾಯಿತು.

ಈಗ ಅದರ ಸ್ಥಾನವನ್ನು ನೋಡಿ. ಮಕರ ಗಂಗೆಯ ವಾಹನ, ವರುಣನ ವಾಹನ, ಮನ್ಮಥನ ಧ್ವಜದ ಮೇಲಿನ ಗುರುತು. ಮೂರೂ ನೀರಿಗೆ, ಹುಟ್ಟಿಗೆ, ಫಲವಂತಿಕೆಗೆ ಸೇರಿದ ಸಂಗತಿಗಳು. ಆನಂದ ಕುಮಾರಸ್ವಾಮಿಯವರು 1931ರಲ್ಲಿ ಪ್ರಕಟವಾದ ಯಕ್ಷರ ಕುರಿತ ತಮ್ಮ ಅಧ್ಯಯನದ ಎರಡನೆಯ ಭಾಗದಲ್ಲಿ ಮಕರವನ್ನು ಜಲದ ಚಿಂತನೆಯೊಂದಿಗೆ ಕೂಡಿಸಿ ನೋಡಿದರು. ಅವರ ದಾರಿಯಲ್ಲೇ ನಾನು ಒಂದು ಹೆಜ್ಜೆ ಮುಂದೆ ಇಡುತ್ತೇನೆ. ಹಂಸವೂ ನೀರಿನ ಹಕ್ಕಿ. 1268ರ ಹೊತ್ತಿಗೆ ಮುಗಿದ ಸೋಮನಾಥಪುರದ ಕೇಶವ ದೇವಾಲಯದಲ್ಲೂ ಗರ್ಭಗುಡಿಗಳ ಸುತ್ತಿನ ಗೋಡೆಯ ಬುಡದಲ್ಲಿ ಮೇಲಿನ ಎರಡು ಸಾಲು ಮಕರ ಮತ್ತು ಹಂಸ. ಅವುಗಳ ಮೇಲಿನಿಂದ ದೇವರ ದೊಡ್ಡ ಮೂರ್ತಿಗಳು ಆರಂಭವಾಗುತ್ತವೆ. ಕೆಳಗೆ ಆನೆ, ಕುದುರೆ, ಯುದ್ಧ, ರಾಜರ ಕಥೆ: ಇದೆಲ್ಲ ನಾವಿರುವ ನೆಲ. ಮೇಲೆ ದೇವತೆಗಳು. ನಡುವೆ, ಗುಡಿಯ ಸುತ್ತ ನಕ್ಷತ್ರದಂತೆ ಮಡಿಸಿಕೊಂಡು ಹರಿಯುವ ಒಂದು ನೀರಿನ ಪಟ್ಟಿ. ನೀರೊಳಗಿನ ಪ್ರಾಣಿ ಕೆಳಗೆ, ನೀರ ಮೇಲೆ ತೇಲುವ ಹಕ್ಕಿ ಮೇಲೆ. ಮನುಷ್ಯರ ಕಥೆ ಆ ನೀರನ್ನು ದಾಟಿ ಮೇಲೇರುವುದಿಲ್ಲ. ಇದು ನನ್ನ ಓದು. ಹಳೇಬೀಡಿಗೆ ಹೋದಾಗ ಗೋಡೆಯ ಬಳಿ ನಿಂತು ನೀವೇ ಪರೀಕ್ಷಿಸಿ.

ಮಕರದ ಎರಡನೆಯ ಕೆಲಸ ಪ್ರಣಾಳದಲ್ಲಿ. ಗರ್ಭಗುಡಿಯ ಒಳಗೆ ದೇವರ ಮೈಮೇಲೆ ಎರೆದ ನೀರು, ಹಾಲು, ಎಳನೀರು ಗೋಡೆಯೊಳಗಿನ ತೂಬಿನಲ್ಲಿ ಹರಿದು ಹೊರಗೆ ಬರಬೇಕು. ಅನೇಕ ಕಡೆ ಅದಕ್ಕೆ ಗೋಮುಖ ಇದೆ, ಅನೇಕ ಕಡೆ ಮಕರದ ಮುಖ ಇದೆ. ಒಳಗಿದ್ದಾಗ ಅದು ದೇವರ ಸ್ನಾನದ ನೀರು. ಬಾಯಿ ದಾಟಿದ ಕೂಡಲೇ ಅದು ನಾವು ಕೈಯೊಡ್ಡಿ ಕಣ್ಣಿಗೊತ್ತಿಕೊಳ್ಳುವ ತೀರ್ಥ. ಆ ಬದಲಾವಣೆ ನಡೆಯುವ ಜಾಗಕ್ಕೆ ಬರೀ ಒಂದು ಕಲ್ಲಿನ ಕೊಳವೆ ಇಟ್ಟಿದ್ದರೆ ನೀರೇನೋ ಹರಿಯುತ್ತಿತ್ತು. ಆದರೆ ನಮ್ಮವರು ಅಲ್ಲಿ ಒಂದು ಜೀವವನ್ನು ಕೂರಿಸಿದರು.

ಮೂರನೆಯದು ಮಕರತೋರಣ. ಮೂರ್ತಿಯ ಎರಡೂ ಬದಿಗೆ ಎರಡು ಮಕರಗಳು, ಅವುಗಳ ಬಾಯಿಯಿಂದಲೋ ಬಾಲದಿಂದಲೋ ಎದ್ದ ಕಮಾನು, ಕಮಾನಿನ ನೆತ್ತಿಯಲ್ಲಿ ಸಿಂಹಲಲಾಟವೆಂಬ ಮುಖ. ಹಂಪಿಯ ಉಗ್ರನರಸಿಂಹನನ್ನು 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಪ್ರತಿಷ್ಠೆ ಮಾಡಿದರು. ಎಲ್ಲರೂ ಅವನ ಕಣ್ಣನ್ನೂ ಮುರಿದ ಕೈಗಳನ್ನೂ ನೋಡುತ್ತಾರೆ. ಇನ್ನೂ ಮೇಲೆ ಕಣ್ಣು ಹಾಯಿಸಿ. ಆದಿಶೇಷನ ಏಳು ಹೆಡೆ, ಅದರ ಸುತ್ತ ಮಕರತೋರಣ, ಎಲ್ಲದರ ತುದಿಯಲ್ಲಿ ಸಿಂಹಲಲಾಟ. ದೇವರೇ ಅರ್ಧ ಮನುಷ್ಯ ಅರ್ಧ ಸಿಂಹ. ಅವನನ್ನು ಸುತ್ತುವರಿದ ಚೌಕಟ್ಟೂ ಬೆರಕೆ ಮೃಗಗಳದ್ದೇ.

ಸಿಂಹಲಲಾಟಕ್ಕೆ ಶಾಸ್ತ್ರದಲ್ಲಿ ಕೀರ್ತಿಮುಖ ಎಂದು ಹೆಸರು. ಅದರ ಕಥೆಯನ್ನು ಹಿರಿಯರು ಬಲ್ಲಿರಿ, ಕಿರಿಯರಿಗಾಗಿ ಹೇಳುತ್ತೇನೆ. ಜಲಂಧರನೆಂಬ ದಾನವ ಮೂರು ಲೋಕ ಗೆದ್ದ ಮದದಲ್ಲಿ ರಾಹುವನ್ನು ಶಿವನ ಬಳಿಗೆ ದೂತನಾಗಿ ಕಳಿಸಿದ. ಪಾರ್ವತಿಯನ್ನು ತನಗೆ ಒಪ್ಪಿಸಬೇಕೆಂಬುದು ಸಂದೇಶ. ಶಿವನ ಹುಬ್ಬಿನ ನಡುವಿನಿಂದ ಸಿಂಹಮುಖದ, ಎಲುಬಿನ ಗೂಡಿನಂಥ, ಹಸಿದ ಒಂದು ಜೀವ ಹೊರಬಿದ್ದು ರಾಹುವನ್ನು ನುಂಗಲು ಹೋಯಿತು. ರಾಹು ಶರಣಾದ. ದೂತನನ್ನು ಕೊಲ್ಲಬಾರದು ಎಂದು ಶಿವ ತಡೆದ. ಹಾಗಾದರೆ ನನ್ನ ಹಸಿವಿಗೆ ಏನು ಗತಿ ಎಂದು ಆ ಜೀವ ಕೇಳಿತು. ನಿನ್ನ ಮೈಯನ್ನೇ ತಿನ್ನು ಎಂದ ಶಿವ. ಅದು ಕೈಕಾಲುಗಳಿಂದ ಶುರುಮಾಡಿ ಮೈಯನ್ನೆಲ್ಲ ತಿಂದು ಮುಗಿಸಿತು. ಉಳಿದದ್ದು ಮುಖ ಮಾತ್ರ. ಶಿವ ಬೆರಗಾಗಿ ಅದಕ್ಕೆ ಕೀರ್ತಿಮುಖ ಎಂದು ಹೆಸರಿಟ್ಟು, ನನ್ನ ಬಾಗಿಲಲ್ಲಿ ನೀನಿರು, ನಿನಗೆ ನಮಿಸದೆ ಒಳಬಂದವನ ಪೂಜೆ ನನಗೆ ಮುಟ್ಟುವುದಿಲ್ಲ ಎಂದ.

ಈ ಕಥೆ ಓದಿದವರು ಕಲ್ಲಿನ ಮುಖವನ್ನು ಇನ್ನೊಮ್ಮೆ ನೋಡಬೇಕು. ಉಬ್ಬಿದ ಕಣ್ಣು, ಸುರುಳಿ ಹುಬ್ಬು, ಹಿಂದಕ್ಕೆ ಬಾಗಿದ ಕೊಂಬು, ಮೇಲ್ದವಡೆಯ ಹಲ್ಲುಗಳು. ಕೆಳದವಡೆ ಸಾಮಾನ್ಯವಾಗಿ ಇಲ್ಲ. ದವಡೆ ಇರಬೇಕಾದ ಜಾಗದಿಂದ ಮುತ್ತಿನ ಹಾರ ಇಳಿಯುತ್ತದೆ, ಬಳ್ಳಿ ಇಳಿಯುತ್ತದೆ, ಕೆಲವೊಮ್ಮೆ ಇಡೀ ತೋರಣವೇ ಇಳಿಯುತ್ತದೆ. ತನ್ನನ್ನು ತಾನು ತಿಂದ ಬಾಯಿ ಈಗ ಕೊಡುವ ಬಾಯಿಯಾಗಿದೆ. ಭಯ ಹುಟ್ಟಿಸುವ ಕಣ್ಣಿನ ಕೆಳಗೆ ಹೂಮಾಲೆ ಇಟ್ಟ ರೂವಾರಿಯ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಯಾವ ಪುರಾಣವೂ ಇಷ್ಟನ್ನು ಇಷ್ಟು ಕಡಿಮೆ ಜಾಗದಲ್ಲಿ ಹೇಳಿಲ್ಲ.

ಇದೇ ಮುಖ ಕಡಲು ದಾಟಿ ಜಾವಾದ ಬೊರೊಬುದೂರಿನ ಬಾಗಿಲುಗಳ ಮೇಲೆ ಕಾಲನೆಂಬ ಹೆಸರಿನಲ್ಲಿ ಕುಳಿತಿದೆ. ಅಲ್ಲೂ ಅದಕ್ಕೆ ಜೊತೆ ಮಕರಗಳೇ. ನೇಪಾಳದ ಕಣಿವೆಯಲ್ಲಿ ಚೆಪು ಎಂದು ಕರೆಯುತ್ತಾರೆ. ನಮ್ಮಲ್ಲಿ ಅದು ದೇವಾಲಯದಿಂದ ಇಳಿದು ಮನೆಯ ದೇವರ ಗೂಡಿಗೂ ಬಂದಿದೆ. ಹಿತ್ತಾಳೆಯದಾಗಲಿ ಬೆಳ್ಳಿಯದಾಗಲಿ, ನಿಮ್ಮ ಮನೆಯ ಪ್ರಭಾವಳಿಯ ನೆತ್ತಿಯಲ್ಲಿ ನೋಡಿ, ಆ ಮುಖ ಇದ್ದೇ ಇರುತ್ತದೆ. ಕಟ್ಟುತ್ತಿರುವ ಮನೆಯ ಮುಂದೆ ನೇತುಹಾಕುವ, ನಾಲಿಗೆ ಚಾಚಿದ, ಕೋರೆಹಲ್ಲಿನ ದೃಷ್ಟಿಬೊಂಬೆಯೂ ಅದರ ದೂರದ ನೆಂಟನೇ ಎಂದು ನಾನು ನಂಬಿದ್ದೇನೆ. ಗುಡಿ ಕಟ್ಟುವಾಗ ಬಾಗಿಲಿಗೆ ಕಾವಲು ಬೇಕೆಂದ ಅದೇ ಮನಸ್ಸು ಎರಡು ಅಂಕಣದ ಮನೆ ಕಟ್ಟುವಾಗಲೂ ಕಾವಲು ಬೇಕೆನ್ನುತ್ತದೆ.

ವ್ಯಾಳಗಳ ವಿಷಯಕ್ಕೆ ಬಂದರೆ ಶಾಸ್ತ್ರಕಾರರೇ ಪಟ್ಟಿ ಮಾಡಿದ್ದಾರೆ. ಭೋಜರಾಜನ ಸಮರಾಂಗಣ ಸೂತ್ರಧಾರ ಗ್ರಂಥ ಹದಿನಾರು ಬಗೆಯ ವ್ಯಾಳಗಳನ್ನು ಹೇಳುತ್ತದೆ. ಸಿಂಹದ ಮೈ ಸಾಮಾನ್ಯ, ಮುಖ ಬದಲಾಗುತ್ತದೆ: ಸಿಂಹವ್ಯಾಳ, ಗಜವ್ಯಾಳ, ಅಶ್ವವ್ಯಾಳ, ನರವ್ಯಾಳ ಹೀಗೆ. 1965ರಲ್ಲಿ ಎಂ.ಎ. ಢಾಕಿಯವರು ಮಧ್ಯಯುಗದ ದೇವಾಲಯಗಳ ವ್ಯಾಳಗಳ ಮೇಲೆಯೇ ಒಂದು ಪ್ರತ್ಯೇಕ ಪುಸ್ತಕ ಬರೆದರು. ಅಂಥ ಕೆಲಸ ಕನ್ನಡದಲ್ಲಿ ನಮ್ಮ ಗುಡಿಗಳನ್ನೇ ಹಿಡಿದು ಇನ್ನಷ್ಟು ಆಗಬೇಕು.

ಹೊಯ್ಸಳರ ಕೈಯಲ್ಲಿ ಗೋಡೆಯ ಅಂಚಿನಲ್ಲಿ, ಪಟ್ಟಿಕೆಯಲ್ಲಿ ಇದ್ದ ಈ ಮೃಗ ವಿಜಯನಗರದ ಕಾಲಕ್ಕೆ ಕಂಬದಿಂದ ಹೊರಕ್ಕೆ ನೆಗೆಯಿತು. ಹಂಪಿಯ ವಿಠ್ಠಲ ಗುಡಿಯ ಮಂಟಪಗಳಲ್ಲಿ ಇದನ್ನು ಕಾಣುತ್ತೀರಿ. ಕಂಬ, ವ್ಯಾಳ, ಅದರ ಬೆನ್ನಿನ ಸವಾರ, ಕಾಲಡಿಯ ಆನೆ ಎಲ್ಲವೂ ಒಂದೇ ಬಂಡೆಯಿಂದ ಬಿಡಿಸಿದ್ದು. ಅದೂ ಬಳಪದ ಕಲ್ಲಲ್ಲ, ಉಳಿಯನ್ನು ಹಿಂದಕ್ಕೆ ಒದೆಯುವ ಗ್ರಾನೈಟ್. ಹಳೇಬೀಡಿನ ಸೂಕ್ಷ್ಮ ಇಲ್ಲಿ ಸಾಧ್ಯವಿಲ್ಲ. ಹಾಗಾಗಿ ರೂವಾರಿ ಸೂಕ್ಷ್ಮವನ್ನು ಬಿಟ್ಟು ಚಲನೆಯನ್ನು ಹಿಡಿದ. ಮುಂಗಾಲು ಗಾಳಿಯಲ್ಲಿ, ಎದೆ ಮುಂದಕ್ಕೆ, ತಲೆಯ ಮೇಲೆ ಸೂರಿನ ಭಾರ. ಕಲ್ಲಿನ ಸೂರು ಬಹಳ ತೂಕದ್ದು. ನೆಟ್ಟಗೆ ನಿಂತ ಕಂಬ ಆ ತೂಕವನ್ನು ಸುಮ್ಮನೆ ಹೊರುತ್ತದೆ. ವ್ಯಾಳ ಅದನ್ನು ಎತ್ತಿ ಹಿಡಿದಂತೆ ತೋರುತ್ತದೆ. ಮಂಟಪದೊಳಗೆ ನಿಂತವನಿಗೆ ಮೇಲಿನ ಭಾರ ಹಗುರವೆನಿಸುವುದು ಈ ಕಾರಣಕ್ಕೇ.

ಆ ಕಾಲದ ಕಂಬಗಳ ಮೇಲೆ ಕಾಣುವ ಇನ್ನೊಂದು ಮೃಗ ಪುರುಷಾಮೃಗ. ಮನುಷ್ಯನ ತಲೆ, ಮೃಗದ ಮೈ, ಮಹಾ ಶಿವಭಕ್ತ. ಧರ್ಮರಾಯನ ರಾಜಸೂಯಕ್ಕೆ ಅದನ್ನು ಕರೆತರಲು ಭೀಮ ಹೋದ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಹೇಳುತ್ತಿದ್ದರು. ನೀನು ಮುಂದೆ ಓಡು, ನಾನು ಹಿಂದೆ ಬರುತ್ತೇನೆ, ನಿನ್ನ ಗಡಿ ಮುಟ್ಟುವ ಮೊದಲು ಸಿಕ್ಕರೆ ನಿನ್ನನ್ನು ತಿನ್ನುತ್ತೇನೆ ಎಂಬುದು ಪುರುಷಾಮೃಗದ ಕರಾರು. ಹನುಮಂತ ಕೊಟ್ಟ ಕೂದಲನ್ನು ಭೀಮ ದಾರಿಯಲ್ಲಿ ಒಂದೊಂದಾಗಿ ಬೀಳಿಸುತ್ತಾನೆ. ಬಿದ್ದಲ್ಲೆಲ್ಲ ಶಿವಲಿಂಗಗಳು ಏಳುತ್ತವೆ. ಪುರುಷಾಮೃಗ ಅವುಗಳನ್ನೆಲ್ಲ ಪೂಜಿಸದೆ ಮುಂದಡಿ ಇಡಲಾರದು. ಕೊನೆಗೆ ಭೀಮನ ಒಂದು ಕಾಲು ಗಡಿಯ ಒಳಗೆ, ಇನ್ನೊಂದು ಹೊರಗೆ ಇರುವಾಗ ಅದು ಅವನನ್ನು ಹಿಡಿಯುತ್ತದೆ. ನ್ಯಾಯ ಧರ್ಮರಾಯನ ಮುಂದೆ ಬರುತ್ತದೆ. ಅರ್ಧ ಮೈ ನಿನ್ನದು ಎಂದು ಧರ್ಮರಾಯ ತಮ್ಮನ ವಿರುದ್ಧವೇ ತೀರ್ಪು ಕೊಡುತ್ತಾನೆ. ಆ ನ್ಯಾಯಕ್ಕೆ ಮೆಚ್ಚಿ ಪುರುಷಾಮೃಗ ಭೀಮನನ್ನು ಬಿಟ್ಟುಬಿಡುತ್ತದೆ. ಅರ್ಧ ಮನುಷ್ಯ ಅರ್ಧ ಮೃಗವಾದದ್ದರ ಕಥೆ ಗಡಿಯ ಮೇಲೆ ಬಂದು ನಿಂತದ್ದು ಆಕಸ್ಮಿಕವಲ್ಲ ಎಂದು ನನಗೆ ತೋರುತ್ತದೆ. ನಮ್ಮ ಕಥೆಗಾರರೂ ರೂವಾರಿಗಳೂ ಒಂದೇ ವಿಚಾರವನ್ನು ಬೇರೆ ಬೇರೆ ಸಾಮಗ್ರಿಯಲ್ಲಿ ರೂಪಿಸಿದ್ದಾರೆ.

ಈ ವಾದಕ್ಕೆ ಹೊಂದದ ಒಂದು ಜೀವವೂ ಇದೆ. ಅದನ್ನು ಮರೆಮಾಚುವುದು ಸರಿಯಲ್ಲ. ಗಂಡಭೇರುಂಡ ಹೊಸ್ತಿಲಲ್ಲಿ ನಿಂತ ಹಕ್ಕಿಯಲ್ಲ. ತಾನೇ ನಡುವೆ ನಿಲ್ಲುವ ಹಕ್ಕಿ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಅಧೀನದಲ್ಲಿ ಬನವಾಸಿಯನ್ನು ಆಳುತ್ತಿದ್ದ ಚಾವುಂಡರಾಯ ಒಂದು ಎತ್ತರದ ಕಂಬ ನಿಲ್ಲಿಸಿದ. ಅದರ ತುದಿಯಲ್ಲಿ ಗಂಡಭೇರುಂಡ. ರೆಕ್ಕೆ ಬಿಚ್ಚಿದ ಹಕ್ಕಿಯನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ಕಾಣುವುದು ಬೇರೆಯೇ: ಮನುಷ್ಯನ ಮೈ, ಅದರ ಮೇಲೆ ಎರಡು ಹಕ್ಕಿತಲೆ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಇದೇ ಭೇರುಂಡ ಒಂದು ವಿಚಿತ್ರ ಸರಪಳಿಯ ಕೊನೆಗೆ ಬರುತ್ತದೆ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ, ಹಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಶರಭ ಹಿಡಿದಿದೆ, ಶರಭವನ್ನು ಗಂಡಭೇರುಂಡ ಸೀಳುತ್ತಿದೆ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ಮೊದಲ ನಾಲ್ಕು ಪ್ರಾಣಿಗಳು ಕಾಡಿನಲ್ಲಿರುವವು, ಕೊನೆಯ ಎರಡು ಯಾವ ಕಾಡಿನಲ್ಲೂ ಇಲ್ಲ. ಆದರೆ ಕೆತ್ತನೆಯಲ್ಲಿ ಎಲ್ಲಿಯೂ ಬಿರುಕಿಲ್ಲ. ಕಂಡ ಪ್ರಾಣಿಗೂ ಕಾಣದ ಪ್ರಾಣಿಗೂ ಒಂದೇ ಸ್ನಾಯು, ಒಂದೇ ಸೆಣಸಾಟ. ಹಸಿವಿನ ಸಾಲು ಕಣ್ಣಿಗೆ ಕಾಣುವ ಲೋಕದಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಆ ರೂವಾರಿ ಹೀಗೆ ತೋರಿಸಿದ್ದಾನೆ.

ಈ ಸರಪಳಿಯನ್ನು ಮತಗಳ ಪೈಪೋಟಿಯೆಂದು ಓದುವ ರೂಢಿಯಿದೆ. ಹಿರಣ್ಯಕಶಿಪುವನ್ನು ಕೊಂದ ನರಸಿಂಹನ ಕೋಪ ಇಳಿಯದಿದ್ದಾಗ ಶಿವ ಶರಭನಾಗಿ ಬಂದು ಅವನನ್ನು ಅಡಗಿಸಿದ ಎಂಬುದು ಶೈವರ ಕಥೆ; ತಮಿಳುನಾಡಿನ ದಾರಾಸುರದ ಐರಾವತೇಶ್ವರ ಗುಡಿಯಲ್ಲಿ ಶರಭಮೂರ್ತಿಗೆ ಪ್ರತ್ಯೇಕ ಗುಡಿಯೇ ಇದೆ. ವಿಷ್ಣು ಗಂಡಭೇರುಂಡನಾಗಿ ಶರಭನನ್ನು ಸೀಳಿದ ಎಂಬುದು ವೈಷ್ಣವರ ಉತ್ತರ. ಬೇಲೂರು ವೈಷ್ಣವ ಗುಡಿ, ಹಾಗಾಗಿ ಅಲ್ಲಿ ಈ ಅರ್ಥ ಹೊಂದುತ್ತದೆ. ಬಳ್ಳಿಗಾವೆಯಲ್ಲಿ ಹೊಂದುವುದಿಲ್ಲ. ಅಲ್ಲಿ ಭೇರುಂಡನ ಕಂಬ ನಿಂತದ್ದು ಜಗದೇಕಮಲ್ಲೇಶ್ವರನೆಂಬ ಶಿವನ ಗುಡಿಯ ಮುಂದೆ. ಬೇಲೂರಿನ ಪ್ರತಿಷ್ಠೆಗಿಂತ, ಅಂದರೆ 1117ಕ್ಕಿಂತ 70 ವರ್ಷ ಮೊದಲು, ಶಿವನ ಅಂಗಳದಲ್ಲಿ ಗೌರವದಿಂದ ನಿಂತ ಹಕ್ಕಿಯನ್ನು ಬರೀ ಶಿವನ ಸೋಲಿನ ಗುರುತೆಂದು ಹೇಗೆ ಓದುವುದು? ಅಪಾರ ಬಲದ ಗುರುತಾಗಿ ಈ ಹಕ್ಕಿ ಎಲ್ಲರಿಗೂ ಸೇರಿತ್ತು. ಜಗಳದ ಕಥೆ ಅದರ ಒಂದು ಬಳಕೆ ಅಷ್ಟೇ ಎಂಬುದು ನನ್ನ ನಿಲುವು. ಅದರ ಮುಂದಿನ ಪಯಣವೂ ಇದನ್ನೇ ಹೇಳುತ್ತದೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳ ಮೇಲೆ ಅದು ಕೊಕ್ಕಿನಲ್ಲೂ ಕಾಲುಗುರಿನಲ್ಲೂ ಆನೆಗಳನ್ನು ಹಿಡಿದು ಹಾರುತ್ತದೆ. ಕೆಳದಿಯ ದೇಗುಲದ ಛಾವಣಿಯಲ್ಲಿದೆ. ಮೈಸೂರು ಒಡೆಯರ ಲಾಂಛನವಾಗಿ, ಇವತ್ತು ಕರ್ನಾಟಕ ಸರ್ಕಾರದ ಪ್ರತಿ ಪತ್ರದ ತಲೆಯ ಮೇಲಿದೆ. ಆ ಲಾಂಛನದ ಎರಡೂ ಬದಿಗೆ ನಿಂತ ಮೃಗಗಳನ್ನು ಎಷ್ಟು ಜನ ಗಮನಿಸಿದ್ದೀರೋ ಕಾಣೆ. ಸಿಂಹದ ಮೈ, ಆನೆಯ ತಲೆ. ಗುಡಿಯ ಗಜವ್ಯಾಳಗಳೇ ಅಲ್ಲಿಯೂ ಕಾವಲಿಗೆ ನಿಂತಿವೆ.

ಹೊಯ್ಸಳರ ಸ್ವಂತ ಲಾಂಛನದ ಬಗ್ಗೆಯೂ ಒಂದು ಮಾತು. ಅಂಗಡಿ ಎಂಬ ಊರಿನಲ್ಲಿ ಸುದತ್ತ ಮುನಿಯ ಆಜ್ಞೆಯಂತೆ ವಂಶದ ಮೂಲಪುರುಷ ಸಳ ಹುಲಿಯನ್ನು ಹೊಡೆದ ಎಂದು ಕಥೆ. ಬೇಲೂರಿನ ಬಾಗಿಲ ಬದಿಯ ಶಿಲ್ಪದಲ್ಲಿ ಸಳನ ಎದುರಿಗಿರುವುದು ನಮ್ಮ ಮಲೆನಾಡಿನ ಹುಲಿಯಂತಿಲ್ಲ. ಸುರುಳಿ ಕೇಸರ, ಗುಂಡು ಕಣ್ಣು, ಎತ್ತಿದ ಪಂಜ, ಎಲ್ಲವೂ ಶಾರ್ದೂಲದ್ದು, ಅಂದರೆ ವ್ಯಾಳದ್ದು. ಮಲೆನಾಡಿನ ಮಗ್ಗುಲಿನವರಾದ ರೂವಾರಿಗಳಿಗೆ ಹುಲಿ ಗೊತ್ತಿರಲಿಲ್ಲ ಎನ್ನಲಾಗದು. ವಂಶದ ಹುಟ್ಟಿನ ಗಳಿಗೆಗೆ ಬರೀ ಹುಲಿ ಸಾಲದೆಂದು ಅವರಿಗೆ ಅನ್ನಿಸಿರಬೇಕು.

ಮೂಡುಬಿದಿರೆಗೆ ಹೋದರೆ ಈ ಕಲ್ಪನೆಯ ಇನ್ನೊಂದು ಮುಖ ಕಾಣುತ್ತದೆ. ಚೌಟ ಅರಸರ ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರ, ಪಂಚನಾರೀತುರಗ ಇವೆ: ಒಂಬತ್ತು ಹೆಂಗಸರು ಸೇರಿ ಒಂದು ಆನೆ, ಐವರು ಸೇರಿ ಒಂದು ಕುದುರೆ. 1430ರ ಸಾವಿರ ಕಂಬದ ಬಸದಿಯ ಬುಡದಲ್ಲಿ ಡ್ರ್ಯಾಗನ್ನಿನಂಥ ಪ್ರಾಣಿಯನ್ನೂ ಜಿರಾಫೆಯನ್ನೂ ತೋರಿಸುತ್ತಾರೆ. ಕಡಲ ವ್ಯಾಪಾರದ ಕರಾವಳಿಯಲ್ಲಿ ಅವೆರಡೂ ದೂರದ ಸುದ್ದಿಗಳೇ.

ಈ ಶಿಲ್ಪಗಳನ್ನು ಹೊರಗಿನವರು ನೋಡಿದ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ. ಯುರೋಪಿನ ಹಳೆಯ ಪ್ರವಾಸಿಗಳಿಗೆ ನಮ್ಮ ದೇವರುಗಳೇ ರಾಕ್ಷಸರಂತೆ ಕಂಡರು; ಆ ದೀರ್ಘ ಇತಿಹಾಸವನ್ನು ಪಾರ್ಥ ಮಿಟ್ಟರ್ 1977ರ ತಮ್ಮ ಗ್ರಂಥದಲ್ಲಿ ಬಿಡಿಸಿಟ್ಟಿದ್ದಾರೆ. ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನಿನ ಎದುರು ಇಟ್ಟು ಮೆಚ್ಚಿದ. ನಮ್ಮವರೇ ಆದ ಆರ್. ನರಸಿಂಹಾಚಾರ್ ಮೈಸೂರು ಪುರಾತತ್ವ ಇಲಾಖೆಯಿಂದ 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರಿನ ಮೇಲೆ ಪುಸ್ತಕ ಹೊರತಂದು, ಮೂರ್ತಿಗಳ ಕೆಳಗೆ ಕೆತ್ತಿದ ರೂವಾರಿಗಳ ಹೆಸರುಗಳನ್ನು ಬೆಳಕಿಗೆ ತಂದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದ ಮಲ್ಲಿತಮ್ಮ ಇವರೆಲ್ಲ ನಮಗೆ ಹೆಸರಾಗಿ ಸಿಕ್ಕಿದ್ದು ಅಂಥವರ ಶ್ರಮದಿಂದ. ದಾಸೋಜ ಬಂದದ್ದು ಭೇರುಂಡನ ಕಂಬ ನಿಂತ ಊರಿನಿಂದ. ಬೇಲೂರಿನಲ್ಲಿ ಕೆಲಸ ಮಾಡಿದವನು ಬಾಲ್ಯದಲ್ಲಿ ಆ ಎರಡು ತಲೆಯನ್ನು ನೋಡಿಯೇ ಬೆಳೆದಿರಬೇಕು ಎಂದು ನೆನೆದಾಗ ನನಗೆ ಸಂತೋಷವಾಗುತ್ತದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದವು. ಅಲ್ಲಿನ ಮಕರಗಳಿಗೆ ಕಾವಲಿದೆ. ನನ್ನ ಚಿಂತೆ ಪಟ್ಟಿಯಿಂದ ಹೊರಗಿರುವ ಊರ ಗುಡಿಗಳದ್ದು. ಒಂದು ಹಳ್ಳಿಯಲ್ಲಿ ಜೀರ್ಣೋದ್ಧಾರ ಮುಗಿದ ಗುಡಿಯ ಹಿಂದೆ ಹೋಗಿ ನೋಡಿದೆ. ಮಕರದ ಪ್ರಣಾಳದ ಬಾಯಿಗೆ ಸಿಮೆಂಟು ತುಂಬಿ, ಅದರ ಪಕ್ಕದಲ್ಲೇ ಗೋಡೆ ಕೊರೆದು ಪ್ಲಾಸ್ಟಿಕ್ ಪೈಪು ಇಳಿಸಿದ್ದರು. ಹಳೆಯ ತೂಬು ಕಟ್ಟಿಕೊಂಡಿತ್ತು, ನೀರು ಹೋಗುತ್ತಿರಲಿಲ್ಲ ಎಂಬುದು ಅರ್ಚಕರು ಕೊಟ್ಟ ಕಾರಣ. ಅವರ ತೊಂದರೆ ನಿಜವಾದದ್ದೇ. ಆದರೆ ಮೂರು ಅಡಿ ಉದ್ದದ ಕಂಬಿಯೊಂದರಿಂದ ಬಿಡಿಸಬಹುದಾದ ಕಟ್ಟನ್ನು ಬಿಡಿಸದೆ, ಶತಮಾನಗಳಿಂದ ತೀರ್ಥ ಕೊಟ್ಟ ಬಾಯಿಯನ್ನು ಮುಚ್ಚಿದ್ದು ನನಗೆ ಸಹಿಸಲಾಗಲಿಲ್ಲ. ಬಾಗಿಲ ಮೇಲಿನ ಸಿಂಹಲಲಾಟಕ್ಕೆ ಹಳದಿ ಕೆಂಪು ಎನಾಮಲ್ ಬಳಿದ ಗುಡಿಗಳನ್ನು ನೀವೂ ಕಂಡಿದ್ದೀರಿ. ಬಣ್ಣದ ಪದರ ಸೇರುತ್ತ ಹೋದಂತೆ ಕಣ್ಣಿನ ಅಂಚು, ಮುತ್ತಿನ ಹಾರದ ನಡುವಿನ ಸಂದು ಎಲ್ಲ ತುಂಬಿ ಮುಖ ಮೊಂಡಾಗುತ್ತದೆ.

ಕೆಲಸ ಬಲ್ಲವರು ನಮ್ಮಲ್ಲಿ ಇದ್ದಾರೆ. ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಮನೆಮನೆಯಲ್ಲಿ ಉಳಿಯ ಸದ್ದು ಕೇಳುತ್ತದೆ. ಕಾರ್ಕಳದ ಬಳಿಯ ಮಿಯಾರಿನಲ್ಲಿ ಸಿ.ಇ. ಕಾಮತ್ ಸಂಸ್ಥೆ ಹುಡುಗರಿಗೆ ಕಲ್ಲಿನ ಕೆಲಸ ಕಲಿಸುತ್ತದೆ. ಇವರಲ್ಲಿ ಒಬ್ಬರನ್ನು ಕರೆಸಿ ಕೇಳಿದರೆ ಯಾವ ಪ್ರಣಾಳವನ್ನು ಹೇಗೆ ಬಿಡಿಸಬೇಕು, ಯಾವ ಬಣ್ಣವನ್ನು ಯಾವ ದ್ರಾವಣದಿಂದ ಕಲ್ಲಿಗೆ ಗಾಯವಾಗದಂತೆ ತೆಗೆಯಬೇಕು ಎಂಬುದಕ್ಕೆ ದಾರಿ ಸಿಗುತ್ತದೆ.

ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗದ ಅಧ್ಯಾಪಕರು ಹಲವರು ಇಲ್ಲಿ ಇದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಕಿರುಪ್ರಬಂಧ ಕೊಡುತ್ತೀರಿ. ಒಂದು ವರ್ಷ ನಿಮ್ಮ ತಾಲ್ಲೂಕಿನ ರಕ್ಷಿತವಲ್ಲದ ಗುಡಿಗಳ ಮೃಗಗಳನ್ನು ದಾಖಲಿಸುವ ಕೆಲಸ ಕೊಡಿ. ಪ್ರಣಾಳದಲ್ಲಿ ಯಾವ ಮುಖ, ಬಾಗಿಲ ಮೇಲೆ ಏನು, ಮೆಟ್ಟಿಲ ಬದಿಯ ಕಲ್ಲಿನಲ್ಲಿ ಏನು, ಕಂಬದಲ್ಲಿ ಏನು, ಯಾವ ದಿಕ್ಕಿಗೆ ನೋಡುತ್ತದೆ, ಕಲ್ಲು ಯಾವುದು, ಊರವರು ಅದನ್ನು ಏನೆಂದು ಕರೆಯುತ್ತಾರೆ. ಫೋನಿನಲ್ಲಿ ಚಿತ್ರ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟರೆ ಸಾಕು. ಹೊಸ್ತಿಲ ಬಗ್ಗೆ ನಾನು ಇಷ್ಟು ಹೊತ್ತು ಹೇಳಿದ ವಾದ ಸರಿಯೋ, ಇಲ್ಲ ಭೇರುಂಡದಂಥ ಹೊರತುಗಳೇ ಹೆಚ್ಚೋ ಎಂಬುದು ಅಂಥ ದಾಖಲೆ ನೂರಾರು ಗುಡಿಗಳಿಂದ ಕೂಡಿದಾಗ ತೀರ್ಮಾನವಾಗುತ್ತದೆ. ಮೊದಲ ತಾಲ್ಲೂಕಿನ ಪಟ್ಟಿ ಸಿದ್ಧವಾದಾಗ ಅದನ್ನು ಕೂತು ಓದಿ, ವಿಂಗಡಿಸಿಕೊಡುವ ಕೆಲಸವನ್ನು ನಾನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.